ಕಿವಿಯ ಹಿಂದಿನ ನೀಲಿ

ಉದ್ಘಾಟನೆಯ ದಿನ ಬೆಳಿಗ್ಗೆ ವಸ್ತುಸಂಗ್ರಹಾಲಯದ ನಿರ್ದೇಶಕರು ಗೋಡೆಚಿತ್ರದ ಮೇಲೆ ಬಿಳಿ ಬಣ್ಣ ಹೊಡೆಸಿದರು. ಚಿತ್ರ ಬರೆದವಳಿಗೆ ಹೇಳಿರಲಿಲ್ಲ.

ಮಧ್ಯಾಹ್ನ ಅವಳು ತಾಯಿಯನ್ನು ಕರೆದುಕೊಂಡು ಬಂದಳು. ಬಸ್ಸು ಹತ್ತಿದಾಗಿನಿಂದ ತಾಯಿಯದು ಒಂದೇ ರಾಗ: "ಕಿವಿ ಹಿಂದೆ ನೀಲಿ ಅಂಟಿದೆ ಕಣೇ. ತಿರುಗು ಈ ಕಡೆ." ಕೆಲಸದ ನಡುವೆ ಕುಂಚವನ್ನು ಕಿವಿಗೆ ಸಿಕ್ಕಿಸಿಕೊಳ್ಳುವುದು ಮಗಳ ಅಭ್ಯಾಸ. ಕರ್ಚೀಫಿನ ತುದಿಗೆ ಎಂಜಲು ಹಚ್ಚಿಕೊಂಡು ಒರೆಸಲು ಹೊರಡುವುದು ತಾಯಿಯ ಅಭ್ಯಾಸ. ಮಗಳ ತಲೆಯಲ್ಲಿ ಬೆಳ್ಳಿಕೂದಲು ಇಣುಕುತ್ತಿದ್ದರೂ ಇಬ್ಬರೂ ಬಿಟ್ಟಿರಲಿಲ್ಲ.

ಗ್ರೀಕ್ ಮೂರ್ತಿಗಳ ದೊಡ್ಡ ಕೋಣೆಗೆ ಕಾಲಿಟ್ಟವಳೇ ತಾಯಿ ಗೋಡೆ ನೋಡಿ ಕೆನ್ನೆಗೆ ಕೈ ಹಚ್ಚಿದಳು. "ಅಯ್ಯೋ, ಎಷ್ಟು ಚೆನ್ನಾಗಿದೆಯೇ! ಹೋದ ವಾರ ಏನದು, ಯಾರೋ ಬಣ್ಣದ ಡಬ್ಬಿ ಒದ್ದು ಓಡಿಹೋದ ಹಾಗಿತ್ತು. ಈಗ ಲಕ್ಷಣವಾಗಿದೆ."

"ಅಮ್ಮಾ, ಇದು ನನ್ನ ಚಿತ್ರ ಅಲ್ಲ. ನನ್ನ ಚಿತ್ರ ಇದರ ಕೆಳಗಿದೆ."

ತಾಯಿ ಬಗ್ಗಿ ಗೋಡೆಯ ಬುಡ ನೋಡಿದಳು. ಆಮೇಲೆ ಮಗಳ ಮುಖ ನೋಡಿದಳು. "ಮೇಲೆ ಬಿಳಿ ಹೊಡೆದರಾ? ಬಾಡಿಗೆಯವರು ಮನೆ ಖಾಲಿ ಮಾಡಿದ ಮೇಲೆ ಹೊಡೀತಾರಲ್ಲ, ಹಾಗೆ?"

ನಿರ್ದೇಶಕರು ಕೈ ಉಜ್ಜಿಕೊಳ್ಳುತ್ತ ಬಂದರು. "ಬೇಜಾರು ಮಾಡ್ಕೋಬೇಡಿ ಮೇಡಂ. ಮುಖ್ಯ ಅತಿಥಿಗಳು ಫೋಟೋ ನೋಡಿ ಫೋನ್ ಮಾಡಿದ್ರು. ಗ್ರೀಕರ ಮೂರ್ತಿಗಳ ಹಿಂದೆ ಈ ಪಾಟಿ ಬಣ್ಣ ಯಾಕೆ, ಅವರದೆಲ್ಲ ಬಿಳಿ ಅಲ್ವಾ, ಶುದ್ಧ ಅಲ್ವಾ ಅಂದ್ರು. ಅವರು ಮಾತು ಮುಗಿಸೋ ಮೊದಲೇ ನಂಗೂ ಹೌದು ಅನ್ನಿಸ್ತು."

ಮಗಳು ಕೈಯೂ ಮೂಗೂ ಇಲ್ಲದ ಒಬ್ಬ ಅಮೃತಶಿಲೆಯ ದೇವತೆಯ ಹಿಂದಕ್ಕೆ ಅವರನ್ನು ಕರೆದೊಯ್ದು ಟಾರ್ಚು ಹಾಕಿದಳು. "ಇಲ್ಲಿ ಬಗ್ಗಿ ನೋಡಿ. ಕಿವಿ ಹಿಂದೆ."

ಸಾಸಿವೆಯಷ್ಟು ನೀಲಿ. ಪಕ್ಕದಲ್ಲಿ, ಕೂದಲಿನ ಸಂದಿಯಲ್ಲಿ, ಇನ್ನೂ ಚಿಕ್ಕದೊಂದು ಕೆಂಪು. ವರ್ಷವಿಡೀ ಭೂತಗನ್ನಡಿ ಹಿಡಿದು ಈ ಮೂರ್ತಿಗಳ ಸಂದಿಗೊಂದಿಗಳಲ್ಲಿ ಅವಳು ಹುಡುಕಿದ್ದು ಇದನ್ನೇ. ಗೋಡೆಯ ಮೇಲೆ ಹಿಗ್ಗಿಸಿದ್ದೂ ಇದನ್ನೇ. ನೀಲಿ ಒಂದು ಲಾರಿಯಷ್ಟು, ಕೆಂಪು ಒಂದು ಬಾಗಿಲಿನಷ್ಟು. ಮುಖವಿಲ್ಲ, ಮೈಯಿಲ್ಲ, ಆ ಮುಖ ಮೈಗಳಿಂದ ಕಿತ್ತುಕೊಂಡ ಬಣ್ಣ ಮಾತ್ರ.

"ಇವಳು ಬಿಳಿಯಾಗಿ ಹುಟ್ಟಿದವಳಲ್ಲ ಸಾರ್. ಮೈತುಂಬ ಬಣ್ಣ ಹಚ್ಚಿಯೇ ನಿಲ್ಲಿಸಿದ್ರು. ಒಂದಷ್ಟು ಮಳೆ ತೊಳೀತು, ಒಂದಷ್ಟು ಮಣ್ಣು ತಿಂತು. ಉಳಿದದ್ದನ್ನ ಇವಳ ಅಭಿಮಾನಿಗಳೇ ಬ್ರಷ್ ಹಿಡಿದು ತಿಕ್ಕಿದ್ರು. ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿ, ನೋಡಿ ಎಷ್ಟು ಶುದ್ಧ ಅಂದ್ರು."

ನಿರ್ದೇಶಕರು ಕಣ್ಣು ಕಿರಿದು ಮಾಡಿ ನೋಡಿದರು. "ಛೆ, ಇದನ್ನ ನಮ್ಮ ಸ್ವಚ್ಛತೆಯವರು ಬಿಟ್ಟೇಬಿಟ್ಟಿದ್ದಾರಲ್ಲ!"

ತಾಯಿಯೂ ತುದಿಗಾಲಲ್ಲಿ ನಿಂತು ಇಣುಕಿದಳು. "ಇವಳ ತಾಯಿ ಸೋಮಾರಿ ಇದ್ದಿರಬೇಕು. ಕಿವಿ ಹಿಂದೆ ತಿಕ್ಕೇ ಇಲ್ಲ."

"ಅದಕ್ಕೇ ಉಳ್ಕೊಂಡಿದ್ದು ಅಮ್ಮ. ಇವಳು ಹೇಗಿದ್ದಳು ಅಂತ ಹೇಳೋಕೆ ಈಗ ಇರೋದು ಅಷ್ಟೇ ಜಾಗ."

ತಾಯಿ ಮತ್ತೊಮ್ಮೆ ಇಣುಕಿದಳು. ಈ ಸಲ ಸ್ವಲ್ಪ ಹೆಚ್ಚು ಹೊತ್ತು.

ನಿರ್ದೇಶಕರು ಜೇಬಿನಿಂದ ಪೆನ್ನು ತೆಗೆದು ಮಗಳ ಮುಂದೆ ಹಿಡಿದರು. "ಆದದ್ದು ಆಯ್ತು. ನಿಮ್ಮದು ಅಮೂರ್ತ ಕಲೆ ತಾನೇ? ಇದು ಇನ್ನೂ ಅಮೂರ್ತ. ಮೊದಲೂ ಜನಕ್ಕೆ ಏನೂ ಅರ್ಥ ಆಗ್ತಿರಲಿಲ್ಲ, ಈಗಲೂ ಆಗಲ್ಲ. 'ಪ್ರಾಚೀನ ಮೌನ' ಅಂತ ಫಲಕ ಬರೆಸಿದ್ದೀನಿ. ಮೂಲೇಲಿ ಒಂದು ಸಹಿ ಹಾಕ್ಬಿಡಿ."

"ನಾನು ಬರೆಯದ ಗೋಡೆಗಾ?"

"ನೀವು ಬರೆದದ್ದೇ. ಮೇಲೆ ನಾವು ಒಂಚೂರು ಕೈ ಸೇರಿಸಿದ್ದೀವಿ. ಸಹಿ ಇಲ್ಲ ಅಂದ್ರೆ ಫಲಕದಿಂದ ನಿಮ್ಮ ಹೆಸರೂ ತೆಗೀಬೇಕಾಗುತ್ತೆ, ನೋಡಿ."

ಅದು ಅವಳಿಗೆ ಸಿಕ್ಕ ಮೊದಲ ಗೋಡೆ. ಚಿತ್ರವಂತೂ ಹೋಯಿತು, ಹೆಸರಾದರೂ ಇರಲಿ ಅನ್ನಿಸಿತೋ ಏನೋ, ಪೆನ್ನು ತೆಗೆದುಕೊಂಡಳು. ಮೂಲೆಗೆ ಹೋಗಿ ಬಗ್ಗಿದಳು. ಕೂದಲು ಒಂದು ಪಕ್ಕಕ್ಕೆ ಜಾರಿತು.

"ತಡೀರಿ, ತಡೀರಿ! ಏನಿದು ಕಿವಿ ಹಿಂದೆ? ಬಿಳಿ ಗೋಡೆ ಎದುರಿಗೆ ಎದ್ದು ಕಾಣ್ತಿದೆಯಲ್ಲ!" ನಿರ್ದೇಶಕರು ತಾಯಿಯ ಕಡೆ ತಿರುಗಿದರು. ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. "ಅತಿಥಿಗಳು ಬಂದೇಬಿಟ್ರು. ಅಮ್ಮಾ, ನೀವಾದರೂ ಸ್ವಲ್ಪ ಒರೆಸಿ. ಫೋಟೋದಲ್ಲಿ ಅಸಹ್ಯ ಕಾಣುತ್ತೆ."

ತಾಯಿಯ ಕೈ ತನ್ನಷ್ಟಕ್ಕೆ ತಾನೇ ಚೀಲಕ್ಕೆ ಹೋಯಿತು. ಕರ್ಚೀಫು ಹೊರಬಂತು. ತುದಿ ಬಾಯಿಗೆ ಹೋಗಿ ಒದ್ದೆಯಾಯಿತು. ಮಗಳು ಈ ಸಲ ತಪ್ಪಿಸಿಕೊಳ್ಳಲಿಲ್ಲ. ಪೆನ್ನು ಹಿಡಿದು, ಕತ್ತು ಬಾಗಿಸಿ, ಮೂರ್ತಿಯ ಹಾಗೆ ನಿಂತಿದ್ದಳು.

ತಾಯಿ ಆ ಕಿವಿಯನ್ನು ನೋಡಿದಳು. ಕೈಯಿಲ್ಲದವಳ ಕಿವಿಯನ್ನೂ ನೋಡಿದಳು. ಮಗಳ ಬೆರಳುಗಳಿಂದ ಪೆನ್ನು ಬಿಡಿಸಿಕೊಂಡು, ಒದ್ದೆ ಕರ್ಚೀಫಿನಲ್ಲಿ ಸುತ್ತಿ, ಎರಡನ್ನೂ ಚೀಲದೊಳಗೆ ಹಾಕಿ ಜಿಪ್ಪು ಎಳೆದಳು.

"ಅಮ್ಮಾ, ಅದು ನನ್ನ ಪೆನ್ನು," ಎಂದರು ನಿರ್ದೇಶಕರು. "ಬೇಗ ಒರೆಸೀಂದ್ರೆ!"

"ಒರೆಸಲ್ಲ ಸ್ವಾಮಿ," ಎಂದಳು ತಾಯಿ. "ಇವಳ ತಾಯಿನೂ ಸೋಮಾರಿ."