ಝೆಲ್ಮಾಳ ಹೋಟೆಲಿನ ಮೂಲೆಯ ಮೇಜು

“ಬಾಗಿಲಿಗೆ ಬೆನ್ನು ಮಾಡಿ ಕೂತ್ಕೋ,” ಎಂದ ಓಥಾ. “ಯಾರಾದ್ರೂ ಒಳಗೆ ಬಂದ್ರೆ ನಿನ್ನ ಮುಖ ಕಾಣಬಾರದು.”

ಲುವೀನಿಯಾ ಹಾಗೆಯೇ ಕುಳಿತಳು. ಅವನು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಗೋಡೆಗೆ ಒರಗಿದ. ಕಿಟಕಿಯಾಚೆ ಹತ್ತಿಯ ಹೊಲ. ಹೊಲದಂಚಿನ ರಸ್ತೆಯಲ್ಲಿ ಯಾವ ಗಾಡಿಯ ಸದ್ದಾದರೂ ಅವನ ಕಣ್ಣು ಬಾಗಿಲಿಗೆ ಓಡುತ್ತಿತ್ತು.

ಝೆಲ್ಮಾಳ ಹೋಟೆಲೆಂದರೆ ತಗಡಿನ ಮಾಡು, ಹಲಗೆಯ ಗೋಡೆ, ಹಿತ್ತಲಲ್ಲಿ ಸದಾ ಹೊಗೆಯಾಡುವ ಒಲೆ. ಮಧ್ಯಾಹ್ನದವರು ಉಂಡು ಹೋಗಿ ಸಂಜೆಯವರು ಬರುವ ಮುಂಚೆ ಒಂದು ಬಿಡುವು ಇರುತ್ತದೆ. ಲುವೀನಿಯಾ ಯಾವಾಗಲೂ ಆ ಹೊತ್ತಿಗೇ ಅವನನ್ನು ಕರೆತರುತ್ತಿದ್ದಳು.

“ಇಡೀ ಮಿಸಿಸಿಪ್ಪಿಯಲ್ಲಿ ಬೇರೆ ಜಾಗ ಸಿಗ್ಲಿಲ್ವಾ ನಿಂಗೆ?” ಎಂದು ಅವನು ಪಿಸುಗುಟ್ಟಿದ. “ಇಲ್ಲಿರೋರೆಲ್ಲ ನನ್ನ ಹೆಂಡತಿಗೆ ಗುರುತಿನೋರೇ.”

“ಬೇರೆ ಕಡೆ ನೀನು ತುತ್ತು ಬಾಯಿಗಿಡಲ್ಲ.”

ಏನು ಬೇಕೆಂದು ಕೇಳದೆಯೇ ಝೆಲ್ಮಾ ಎರಡು ತಟ್ಟೆ ತಂದಿಟ್ಟಳು. ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದ ಮೀನು, ಹಂದಿಮಾಂಸದ ತುಂಡು ಹಾಕಿ ಬೇಯಿಸಿದ ಸೊಪ್ಪು, ಬಾಣಲೆಯಿಂದ ಆಗತಾನೆ ತೆಗೆದ ಮೆಕ್ಕೆಜೋಳದ ಬ್ರೆಡ್ಡು, ಐಸು ಹಾಕಿದ ಸಿಹಿ ಟೀ. ಬಗ್ಗಿ ಲುವೀನಿಯಾಳ ಕಿವಿಯ ಬಳಿ ಕೇಳಿದಳು: “ಇವತ್ತು ಪರವಾಗಿಲ್ವಾ, ಅಕ್ಕ?”

“ಬೆಳಿಗ್ಗೆಯಿಂದ ಮನೆಗೆ ಹೋಗ್ಬೇಕು ಅಂತಾನೇ ಇದಾನೆ.”

“ನಿಧಾನಕ್ಕೆ ಊಟ ಮಾಡಿ. ಈ ಕಡೆ ಯಾರನ್ನೂ ಕೂರಿಸಲ್ಲ ನಾನು.”

ಲುವೀನಿಯಾ ಮೀನಿನ ಮುಳ್ಳು ಬಿಡಿಸಿ ಅವನ ಕಡೆ ಸರಿಸಿದಳು. ಅವನು ಹಸಿದವನಂತೆ ತಿಂದ. ಅವನ ಗಂಟಲು ಏರಿಳಿಯುವುದನ್ನೇ ಅವಳು ನೋಡುತ್ತ ಕುಳಿತಳು. ತನ್ನ ತಟ್ಟೆ ಮುಟ್ಟಲಿಲ್ಲ.

“ಚೆನ್ನಾಗಿದೆ. ಆದ್ರೆ ನನ್ನ ಹೆಂಡತಿ ಮಾಡಿದ ಹಾಗಿಲ್ಲ.”

“ಹಾಗಾದ್ರೆ ಮನೇಲೇ ಉಣ್ಣಬಹುದಲ್ಲ?”

“ಅವಳು ಮನೇಲಿದ್ರೆ ತಾನೆ?” ಓಥಾ ಮುಖ ಗಂಟಿಕ್ಕಿದ. “ಈಚೆಗೆ ಯಾವಾಗ ನೋಡಿದ್ರೂ ಇರಲ್ಲ. ಎಲ್ಲಿ ಹೋಗ್ತಾಳೋ ಏನೋ. ಅವಳು ಬರದೆ ನಾನು ಉಣ್ಣೋದಾದ್ರೂ ಹೇಗೆ?”

ಬಾಗಿಲು ಕಿರ್ರೆಂದಿತು. ಓಥಾ ಬ್ರೆಡ್ಡು ಹಿಡಿದ ಕೈಯನ್ನೇ ಮುಖಕ್ಕೆ ಅಡ್ಡ ಹಿಡಿದ. ಚರ್ಚಿನ ಹಾಡಿನ ಮೇಳದ ಐಡೆಲ್ಲಾ, ಕರಿದ ಕೋಳಿ ಕಟ್ಟಿಸಿಕೊಂಡು ಹೋಗಲು ಬಂದಿದ್ದಳು. ಮೂಲೆಯ ಮೇಜು ನೋಡಿದಳು. ನಿಟ್ಟುಸಿರಿಟ್ಟು ಲುವೀನಿಯಾಳನ್ನು ಅಡುಗೆಕೋಣೆಯ ಬಾಗಿಲಿಗೆ ಕರೆದಳು.

“ಇನ್ನೂ ಎಷ್ಟು ದಿನ ಹೀಗೆ ಕದ್ದು ಕರ್ಕೊಂಡು ಬರ್ತೀಯೇ?”

“ಕದಿಯೋದೇನು ಬಂತು, ಊರಿಗೇ ಗೊತ್ತಲ್ಲ.”

“ಮೈ ನೋಡ್ಕೊ, ಕಡ್ಡಿ ಆಗಿದೀಯ. ನಿನ್ನ ಮಗಳು ಹೇಳೋದ್ರಲ್ಲಿ ತಪ್ಪೇನಿದೆ? ಬಿಟ್ಟುಬಿಡು ಅವನನ್ನ. ನೋಡ್ಕೊಳ್ಳೋರು ನೋಡ್ಕೋತಾರೆ.”

“ನನ್ನ ಕೈಲಾಗಲ್ಲ ಕಣೇ.”

“ಯಾವುದು ಆಗಲ್ಲ? ಬಿಡೋದಾ, ಇಟ್ಕೊಳ್ಳೋದಾ?”

“ಎರಡೂ.”

ಐಡೆಲ್ಲಾ ಅವಳ ಭುಜ ಹಿಸುಕಿ, ಪೊಟ್ಟಣ ಎತ್ತಿಕೊಂಡು, ಮೂಲೆಯ ಕಡೆ ತಿರುಗಿಯೂ ನೋಡದೆ ಹೊರಟುಹೋದಳು.

ಲುವೀನಿಯಾ ಮೇಜಿಗೆ ಮರಳಿ ಬಂದಾಗ ಓಥಾನ ಹಣೆಯಲ್ಲಿ ಬೆವರು. “ಚರ್ಚಲ್ಲಿ ಅವಳು ನನ್ನ ಹೆಂಡತಿ ಪಕ್ಕದಲ್ಲೇ ನಿಂತು ಹಾಡ್ತಾಳೆ. ಹೋಗಿ ಹೇಳಿಬಿಡ್ತಾಳೆ ನೋಡು.”

“ಹೇಳಲ್ಲ.”

“ನಿಂಗೇನು ಗೊತ್ತು ಅವಳ ವಿಷಯ?”

ನಿಜ ಹೇಳಿಬಿಡೋಣವೆಂದು ಲುವೀನಿಯಾಳಿಗೆ ಅನಿಸಿತು. ಹಿಂದೊಮ್ಮೆ ಹೇಳಿ ನೋಡಿದ್ದಳು. ಸುಳ್ಳು ಬೊಗಳಬೇಡ ಎಂದು ಅವನು ಮೇಜನ್ನೇ ತಳ್ಳಿ, ಉರಿಬಿಸಿಲಿನಲ್ಲಿ ಹೆದ್ದಾರಿಯ ನಡುವೆ ನಡೆದುಬಿಟ್ಟಿದ್ದ. ಲಾರಿಯವನೊಬ್ಬ ಬ್ರೇಕು ಒತ್ತದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಓಥಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಟೋಪಿ ತೆಗೆದು ಎದೆಗೊತ್ತಿಕೊಂಡ.

“ನೋಡು, ನೀನು ಒಳ್ಳೆಯವಳು. ನಂಗೆ ಬಹಳ ಮಾಡಿದೀಯ. ಆದ್ರೆ ಇನ್ನು ಮೇಲೆ ನಾವು ಸಿಗೋದು ಬೇಡ.”

ಅವಳು ಮೀನಿನ ಮುಳ್ಳುಗಳನ್ನು ತಟ್ಟೆಯಂಚಿಗೆ ಒಟ್ಟುಮಾಡಿದಳು.

“ಬೇಜಾರಾಯ್ತಾ?”

“ನಿನ್ನ ಹೆಂಡತಿ ಅಂದ್ರೆ ಅಷ್ಟು ಇಷ್ಟಾನಾ?”

“ಸಿಡುಕಿ ಅವಳು. ಜಂಬಗಾತಿ. ಹಾಡೋಕೆ ನಿಂತ್ರೆ ಮಾತ್ರ ನಾನು ಉಸಿರಾಡೋದೇ ಮರೆತುಬಿಡ್ತೀನಿ.” ಅವನ ಕಣ್ಣು ತುಂಬಿತು. “ಅವಳಿಗೆ ಮೋಸ ಮಾಡಿ ನಂಗೆ ಅನ್ನ ಇಳಿಯಲ್ಲ. ನಿನ್ನ ಕಾಲಿಗೆ ಬೀಳ್ತೀನಿ, ನನ್ನ ಬಿಟ್ಟುಬಿಡು.”

ಎದುರಿಗೆ ಕೈ ಮುಗಿದು ಬೇಡುವವನಿಗೆ ಏನು ಹೇಳುವುದು? ಅಳುವಂತಿಲ್ಲ, ಅತ್ತರೆ ಅವನು ಇನ್ನಷ್ಟು ಹೆದರುತ್ತಾನೆ. ಜಗಳವಾಡುವಂತಿಲ್ಲ. ಲುವೀನಿಯಾ ಕರವಸ್ತ್ರದಿಂದ ಅವನ ಗಲ್ಲಕ್ಕೆ ಅಂಟಿದ್ದ ಬ್ರೆಡ್ಡಿನ ಚೂರು ಒರೆಸಿದಳು.

“ಆಯ್ತು. ಬಿಟ್ಟೆ. ಬಾ, ಮನೆಗೆ ಬಿಡ್ತೀನಿ.”

“ಮನೆವರೆಗೆ ಬೇಡ! ತಿರುವಿನಲ್ಲೇ ಇಳಿಸು. ಅವಳು ನೋಡಿದ್ರೆ ನನ್ನ ಕಥೆ ಮುಗೀತು.”

ದಾರಿಯುದ್ದಕ್ಕೂ ಅವನು ಹಗುರಾದವನಂತೆ ಗುನುಗುತ್ತಿದ್ದ. ಅವಳು ತಿರುವಿನಲ್ಲಿ ಕಾರು ನಿಲ್ಲಿಸಿದಳು. ಇಳಿದವನು ವಂದಿಸಿ, ಶರ್ಟು ಸರಿಮಾಡಿಕೊಂಡು, ತಪ್ಪುಹೆಜ್ಜೆ ಇಡುತ್ತ ಮನೆಯ ಕಡೆ ನಡೆದ. ಹಿಂದೆಯೇ ಓಡಿಹೋಗಿ ಕೈ ಹಿಡಿಯಬೇಕೆಂದು ಅವಳಿಗನಿಸಿತು. ಹಿಡಿದರೆ ಊರು ಕೇಳುವಂತೆ ಕಿರುಚುತ್ತಾನೆ. ಕೂತಲ್ಲಿಂದಲೇ ಅವಳು ನೋಡಿದಳು. ಅವನು ಮೆಟ್ಟಿಲ ಮೇಲೆ ಒಮ್ಮೆ ಎಡವಿದ, ಕಂಬ ಹಿಡಿದು ಸಾವರಿಸಿಕೊಂಡ, ಬಾಗಿಲು ತಟ್ಟಿದ.

ಒಳಗಿನಿಂದ ಉತ್ತರವಿಲ್ಲ. ಮತ್ತೆ ತಟ್ಟಿದ. ಕಿಟಕಿಯ ಗಾಜಿಗೆ ಹಣೆ ಹಚ್ಚಿ ಒಳಗೆ ಇಣುಕಿದ. ಆ ಮನೆಯ ಬೀಗದಕೈ ಕಾರಿನಲ್ಲಿ ಕುಳಿತವಳ ಮುಷ್ಟಿಯಲ್ಲಿ ಒದ್ದೆಯಾಗುತ್ತಿತ್ತು.

“ಬಾಗಿಲು ತೆಗಿಯೇ,” ಓಥಾ ಮಗುವಿನಂತೆ ಅಳುತ್ತ ಕೂಗಿದ, “ಆ ಹೆಂಗಸನ್ನ ಬಿಟ್ಟುಬಂದೆ ಕಣೇ, ಲುವೀನಿಯಾ!”