ಮಧ್ಯಾಹ್ನದ ಬಾಗಿಲು

ಈಗ ವಿಜಯಪುರದಲ್ಲಿ ಮಧ್ಯಾಹ್ನ ಅರ್ಧ ತಾಸು ಬಿಸಿಲಲ್ಲಿ ನಿಂತವರು ಬದುಕುವುದಿಲ್ಲ. ಹಾಗಾಗಿ ಯಾರು ತಟ್ಟಿದರೂ ಬಾಗಿಲು ತೆರೆಯಬೇಕು. ಬಂದವರು ಹೊತ್ತಿಳಿಯುವವರೆಗೆ ತಮ್ಮ ಹೆಸರು, ಸಂಬಂಧ ಹೇಳಬಾರದು; ಇದು ಊರಿನ ಕಟ್ಟಳೆ.

ಅಂದು ಶಿವಲೀಲಾ ಬಾಗಿಲು ತೆರೆದಾಗ ಎದುರಿಗಿದ್ದವನು, ಹದಿನೆಂಟು ವರ್ಷಗಳ ಹಿಂದೆ ಇಂಥದೇ ಹೊತ್ತಿನಲ್ಲಿ ಅವಳನ್ನು ಹೊರಗೆ ನೂಕಿ ಅಗಳಿ ಹಾಕಿಕೊಂಡಿದ್ದ ಗಂಡ. ಅವಳ ಕೈ ಕ್ಷಣಕಾಲ ಚಿಲಕದ ಮೇಲೆಯೇ ಉಳಿಯಿತು.

"ಒಳಗ ಬರ್ರಿ," ಎಂದು ಚಾಪೆ ಹಾಸಿ, ತಂಬಿಗೆ ನೀರು ಕೊಟ್ಟಳು.

ಗಟಗಟ ಕುಡಿದವನು ಮನೆಯ ಮೇಲೆಲ್ಲ ಕಣ್ಣಾಡಿಸಿದ. "ಮನಿ ಛಲೋ ಕಟ್ಟೀದಿ, ಲೀಲಾ. ಏನ ಅಂದ್ರೂ ನಾ ನಿನ್ನ..."

"ಬಿಸಿಲಿಂದ ಬಂದವ್ರಿಗೆ ಈ ಮನ್ಯಾಗ ಜಾಗ ಐತಿ. ನನ್ನ ಗಂಡಗ ಇಲ್ಲ. ಯಾರಂತ ಕುಂದರ್ತೀರಿ, ನೀವ ಹೇಳ್ರಿ."

ಅವನು ಕಿಟಕಿಯಾಚೆಯ ಬಿಳಿ ಬೆಂಕಿಯನ್ನು ನೋಡಿದ. ಬರಿದಾದ ತಂಬಿಗೆಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದ.

"ಇನ್ನಷ್ಟು ನೀರ ಕೊಡ್ರಿ, ಅಕ್ಕಾರ."