ಗಂಡಾಂತರ ನುಂಗಿದ ಮೀನು

ಮೀನಿದ್ದ ಬಕೆಟ್ಟಿನ ಮೇಲೆ ಪ್ರಫುಲ್ಲಾ ಲವಂಗದೆಣ್ಣೆಯ ಬಾಟಲಿಯನ್ನು ಬಗ್ಗಿಸುತ್ತಿದ್ದಂತೆ ಗಂಡ ಜಯಶೀಲ ಅವಳ ಮಣಿಕಟ್ಟು ಹಿಡಿದುಕೊಂಡ. "ಕೊಲ್ಬೇಡ ಮಾರಾಯ್ತಿ. ನನ್ನ ಹಾರ್ಟಿನ ಗಂಡಾಂತರವನ್ನು ತಾನು ನುಂಗಿದ ಮೀನು ಅದು."

"ನೀವು ಸಾನಪಾಡಾದಿಂದ ವಾಶಿವರೆಗೆ ಇದನ್ನೇ ಸಾರಿದ್ದಕ್ಕೆ ಯಾರೂ ಅದನ್ನು ಸಾಕ್ಲಿಕ್ಕೆ ತಕೊಳ್ಳುದಿಲ್ಲ. ನಿಮ್ಮ ಪೀಡೆ ತುಂಬಿದ ಮೀನು ಯಾರಿಗೆ ಬೇಕು?"

ಕೆಡವಿ ಹೊಸದಾಗಿ ಕಟ್ಟುವ ರಿಡೆವಲಪ್‌ಮೆಂಟಿಗಾಗಿ ಅವರಿದ್ದ ಕಟ್ಟಡವನ್ನು ಮರುದಿನ ಖಾಲಿ ಮಾಡಬೇಕಿತ್ತು. ಅವರು ಹೋಗಲಿದ್ದ ಬಾಡಿಗೆಯ ಒಂದು ಕೋಣೆಯ ಮನೆಯಲ್ಲಿ ಮೀನಿನ ನಾಲ್ಕಡಿಯ ಟ್ಯಾಂಕಿಗೆ ಜಾಗವಿರಲಿಲ್ಲ. ಕೆರೆಗೆ ಬಿಟ್ಟರೆ ಅಲ್ಲಿನ ಮೀನುಗಳನ್ನು ಇದು ತಿಂದು ಮುಗಿಸುತ್ತದೆಂದೂ, ಅದನ್ನು ಸಾಕುವ ಬೇರೆ ಮನೆ ಸಿಗದಿದ್ದರೆ ಲವಂಗದೆಣ್ಣೆಯೇ ನೋವಿಲ್ಲದ ದಾರಿಯೆಂದೂ ಪಶುವೈದ್ಯರು ಹೇಳಿದ್ದರು.

"ಸದಾನಂದಣ್ಣನ ಹೋಟೆಲಿನಲ್ಲಿ ದೊಡ್ಡ ಟ್ಯಾಂಕ್ ಖಾಲಿ ಉಂಟು. ಫೋನ್ ಮಾಡಿ. ಗಂಡಾಂತರ ಕಳೆದದ್ದು ಸ್ಟೆಂಟಿನಿಂದ, ಮೀನಿನ ಕಥೆ ನೀವೇ ಕಟ್ಟಿದ್ದು ಅಂತ ಹೇಳಿ. ಅಷ್ಟೇ."

"ಸಂಘದ ವಾರ್ಷಿಕೋತ್ಸವದಲ್ಲಿ ಮೈಕ್ ಹಿಡಿದು ಹೇಳಿದ್ದೇನೆ. ಈಗ ಸುಳ್ಳು ಅನ್ಲಿಕ್ಕಾಗ್ತದಾ?"

"ಹಾಗಾದ್ರೆ ಕೈ ಬಿಡಿ."

ಬಾಟಲಿ ಎಷ್ಟು ದೊಡ್ಡದಿತ್ತೆಂಬುದನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುವುದುಂಟು; ಮುಂದಿನದನ್ನು ಮಾತ್ರ ಎಲ್ಲರೂ ಒಂದೇ ರೀತಿ ಹೇಳುತ್ತಾರೆ. ಜಯಶೀಲ ಮೀನನ್ನು ನೋಡಿದ, ಫೋನನ್ನು ನೋಡಿದ, ಮೆಲ್ಲನೆ ಅವಳ ಮಣಿಕಟ್ಟು ಬಿಟ್ಟ.

"ನೋವಾಗುದಿಲ್ಲ ಅಂತ ಡಾಕ್ಟ್ರು ಹೇಳಿದ್ದು ಹೌದಲ್ವಾ?"

ಪ್ರಫುಲ್ಲಾ ಬಾಟಲಿಯನ್ನು ಅವನ ಅಂಗೈಯಲ್ಲಿಟ್ಟು, ಅವನ ಫೋನಿನಿಂದಲೇ ಸದಾನಂದನ ನಂಬರು ಒತ್ತಿದಳು.